ಕೋಪನ್‌ಹೇಗನ್‌ನ ಶೋನ್ನೆಮಾನ್ ಹೋಟೆಲ್: ಬೆಣ್ಣೆ ಹಚ್ಚಿದ ಬ್ರೆಡ್ಡಿನ ಮೇಲೆ ಒಂದು ದೇಶ

ಮೊದಲೇ ಹೇಳಿಬಿಡುತ್ತೇನೆ. ಮೀನು ಮಾಂಸ ತಿನ್ನುವವರಾದರೆ ಯೋಚನೆ ಮಾಡದೆ ಹೋಗಿ. ಸಸ್ಯಾಹಾರಿಗಳಾದರೆ ಪೂರ್ತಿ ಓದಿ, ಆಮೇಲೆ ತೀರ್ಮಾನ ಮಾಡಿ. ಕೋಪನ್‌ಹೇಗನ್‌ಗೆ ಹೋಗುವ ನಮ್ಮವರು ಸಾಮಾನ್ಯವಾಗಿ ಮತ್ಸ್ಯಕನ್ಯೆಯ ಆ ಪುಟಾಣಿ ಪ್ರತಿಮೆ ನೋಡಿ, ಕಾಲುವೆ ಪಕ್ಕದ ಬಣ್ಣದ ಮನೆಗಳ ಮುಂದೆ ಫೋಟೋ ತೆಗೆಸಿಕೊಂಡು, ಅಲ್ಲೇ ದುಬಾರಿ ಪಿಜ್ಜಾ ತಿಂದು ವಾಪಸ್ ಬರುತ್ತಾರೆ. ಡೇನರು, ಅಂದರೆ ಡೆನ್ಮಾರ್ಕಿನವರು, ಎಂಥ ಜನ ಅಂತ ಗೊತ್ತಾಗಬೇಕಾದರೆ ಅವರ ಮಧ್ಯಾಹ್ನದ ಊಟಕ್ಕೆ ಹೋಗಿ ಕೂರಬೇಕು, ಅದಕ್ಕೆ ಶೋನ್ನೆಮಾನ್ ತಕ್ಕ ಜಾಗ.

ನೋರೆಪೋರ್ಟ್ ಸ್ಟೇಷನ್ನಿಂದ ನಡೆದೇ ಹೋಗಬಹುದು, ಹೌಸರ್ ಪ್ಲಾಸ್ ಎಂಬ ಚೌಕದಲ್ಲಿದೆ. 1877ರಿಂದ ನಡೆಯುತ್ತಿದೆ. ಸುತ್ತಲ ಹಳ್ಳಿಯ ರೈತರು ಬೆಳಿಗ್ಗೆ ಪೇಟೆಯಲ್ಲಿ ತರಕಾರಿ ಮಾರಿ, ಕೈಗೆ ಕಾಸು ಬಂದ ಮೇಲೆ ಇಲ್ಲಿಗೆ ಊಟಕ್ಕೆ ಬರುತ್ತಿದ್ದರಂತೆ. ಅವರ ಕೆಸರು ಬೂಟಿಗಾಗಿ ನೆಲದ ಮೇಲೆ ಮರಳು ಹರಡುತ್ತಿದ್ದರು. ಈಗ ಬರುವವರು ಸೂಟು ಹಾಕಿದ ವಕೀಲರು, ಅಜ್ಜ ಅಜ್ಜಿಯರು, ಪ್ರವಾಸಿಗಳು. ಆದರೂ ಮರಳು ಹಾಗೇ ಇದೆ! ಒಳಗೆ ಮೇಜುಗಳು ಒತ್ತೊತ್ತಾಗಿವೆ, ಪಕ್ಕದವರ ಮೊಣಕೈ ತಾಗುತ್ತದೆ. ಬೀದಿಯಲ್ಲಿ ಯಾರ ಮುಖವನ್ನೂ ನೋಡದೆ ಸೈಕಲ್ ತುಳಿದುಕೊಂಡು ಹೋಗುವ ಈ ಜನ ಇಲ್ಲಿ ಕೂತಾಗ ಎಷ್ಟು ಮಾತಾಡುತ್ತಾರೆ, ಎಷ್ಟು ಜೋರಾಗಿ ನಗುತ್ತಾರೆ ಅಂದರೆ ಇವರು ಅವರೇನಾ ಅನಿಸುತ್ತದೆ.

ಇಲ್ಲಿ ಸಿಗುವುದು ಸ್ಮೋರಬ್ರೋದ್. ಒಂದು ಹೋಳು ರೈ ಬ್ರೆಡ್, ಅದರ ಮೇಲೆ ಬೆಣ್ಣೆ, ಅದರ ಮೇಲೆ ಬ್ರೆಡ್ಡೇ ಕಾಣದ ಹಾಗೆ ಮೀನೋ ಮಾಂಸವೋ ಮೊಟ್ಟೆಯೋ. ಮುಚ್ಚಲು ಇನ್ನೊಂದು ಹೋಳು ಇರುವುದಿಲ್ಲ, ಹಾಗಾಗಿ ಸ್ಯಾಂಡ್‌ವಿಚ್ ಅಂದುಕೊಂಡು ಕೈಯಲ್ಲಿ ಎತ್ತಿದಿರೋ, ಎಲ್ಲ ಮಡಿಲಿಗೇ. ಚಾಕು ಫೋರ್ಕಿನಲ್ಲೇ ತಿನ್ನಬೇಕು. ರೈ ಚಳಿ ದೇಶದ, ಬಡ ಮಣ್ಣಿನ ಬೆಳೆ. ಬ್ರೆಡ್ ಕಪ್ಪಗೆ, ಭಾರವಾಗಿ, ಸ್ವಲ್ಪ ಹುಳಿಯಾಗಿರುತ್ತದೆ. ನಮಗೆ ರಾಗಿ ಹೇಗೋ ಅವರಿಗೆ ಇದು ಹಾಗೆ. ಶಾಲೆಗೆ ಹೋಗುವ ಮಕ್ಕಳೂ ಆಫೀಸಿನವರೂ ಡಬ್ಬಿಗೆ ಕಟ್ಟಿಕೊಂಡು ಹೋಗುವುದು ಇದೇ ಬ್ರೆಡ್ಡನ್ನು. ಹೋಟೆಲಿನದು ಅದರ ಹಬ್ಬದ ರೂಪ, ಅಷ್ಟೇ. ಆದರೆ ಇದನ್ನು ಜೋಡಿಸುವುದು ಸುಮ್ನೆ ಬರುವ ಕೆಲಸವಲ್ಲ. ಡೆನ್ಮಾರ್ಕಿನಲ್ಲಿ ಅದಕ್ಕೇ ತರಬೇತಿ ಕೋರ್ಸ್ ಇದೆ.

ತಿನ್ನುವುದಕ್ಕೂ ಕ್ರಮ ಇದೆ. ಮೊದಲು ಹೆರಿಂಗ್ ಮೀನು, ನಂತರ ಬೇರೆ ಮೀನು, ಆಮೇಲೆ ಮಾಂಸ, ಕೊನೆಗೆ ಚೀಸ್. ಯಾರೂ ನಿಮ್ಮನ್ನು ಗದರುವುದಿಲ್ಲ. ಆದರೆ ಮೊದಲೇ ಹಂದಿಮಾಂಸಕ್ಕೆ ಕೈ ಹಾಕಿ ಆಮೇಲೆ ಹೆರಿಂಗ್ ಕೇಳಿದರೆ ಪಕ್ಕದ ಅಜ್ಜಿ ಒಂದು ನೋಟ ನೋಡಬಹುದು. ಹೆರಿಂಗ್ ನಮ್ಮ ಕರಾವಳಿಯ ಭೂತಾಯಿಯ ಜಾತಿಯದೇ. ಸಾಮಾನ್ಯವಾಗಿ ಹುರಿಯುವುದಿಲ್ಲ, ಉಪ್ಪು ಹಾಕಿಟ್ಟು, ಸಕ್ಕರೆ ವಿನೆಗರ್‌ನಲ್ಲಿ ನೆನೆಸುತ್ತಾರೆ. ಮೀನು ಸಿಹಿ ಅಂದರೆ ಮಂಗಳೂರಿನವರಿಗೆ ಕಷ್ಟ ಆಗಬಹುದು, ಮೂರನೇ ತುತ್ತಿಗೆ ಸರಿಹೋಗುತ್ತದೆ. ಕರಿ ಪೌಡರ್ ಎಂಬ ಮಸಾಲೆ ಪುಡಿ ಹಾಕಿದ ಹಳದಿ ಹೆರಿಂಗ್ ಕೂಡ ಇವರ ಮನೆಮನೆಯ ತಿನಿಸು. ಮಸಾಲೆ ಅಂತ ಹೆಸರು, ಖಾರ ಮಾತ್ರ ಸೊನ್ನೆ. ಕರಿದ ಮೀನಿನ ಜೊತೆ ಕೊಡುವ ರೆಮುಲಾಡ್ ಸಾಸ್‌ಗೂ ಅರಿಶಿನದ ಹಳದಿ ಬಂದಿರುತ್ತದೆ. ನನಗೆ ಬಹಳ ಹಿಡಿಸಿದ್ದು ಕರಿದ ಪ್ಲೇಸ್ ಎಂಬ ಚಪ್ಪಟೆ ಮೀನು. ಬಿಸಿಬಿಸಿ, ಗರಿಗರಿ, ಮೇಲೊಂದು ನಿಂಬೆ ಹೋಳು.

ಇಷ್ಟೊಂದು ಬೆಣ್ಣೆ, ಇಷ್ಟೊಂದು ಹಂದಿಮಾಂಸ ಯಾಕೆ ಅಂತ ಕೇಳಿದರೆ ಅದರ ಹಿಂದೆ ಒಂದು ಕಥೆ ಇದೆ. 1870ರ ದಶಕದಲ್ಲಿ ಅಮೆರಿಕದ ಅಗ್ಗದ ಧಾನ್ಯ ಬಂದು ಯುರೋಪಿನ ಮಾರುಕಟ್ಟೆ ತುಂಬಿತು, ಧಾನ್ಯ ಬೆಳೆದು ಮಾರುತ್ತಿದ್ದ ಡೇನ್ ರೈತರಿಗೆ ಏಟು ಬಿತ್ತು. ಅವರು ಹಸು ಕಟ್ಟಿದರು. 1882ರಲ್ಲಿ ಡೆನ್ಮಾರ್ಕಿನ ಪಶ್ಚಿಮ ಯುಟ್ಲೆಂಡ್ ಭಾಗದ ಯೆಡ್ಡಿಂಗ್ ಎಂಬ ಹಳ್ಳಿಯಲ್ಲಿ ಮೊದಲ ಸಹಕಾರಿ ಡೇರಿ ಶುರುವಾಯಿತು. ಒಬ್ಬೊಬ್ಬರಿಗೂ ಒಂದೇ ಓಟು, ಎರಡು ಹಸು ಇದ್ದವನಿಗೂ ಐವತ್ತು ಇದ್ದವನಿಗೂ. ಬೆಣ್ಣೆ ಇಂಗ್ಲೆಂಡಿಗೆ ಹೋಯಿತು, ಬೆಣ್ಣೆ ತೆಗೆದ ಹಾಲು ಹಂದಿಗೆ ಹೋಯಿತು, ಹಂದಿ ಬೇಕನ್ ಆಗಿ ಅದೂ ಇಂಗ್ಲೆಂಡಿಗೆ ಹೋಯಿತು. ಮಿಕ್ಕಿದ್ದು ಈ ಬ್ರೆಡ್ಡಿನ ಮೇಲಿದೆ. ನಮ್ಮ ಹಳ್ಳಿಯ ಹಾಲಿನ ಡೇರಿ ನೋಡಿ ಬೆಳೆದವರಿಗೆ ಇದು ದೂರದ ಮಾತಲ್ಲ, ಅಲ್ವಾ? ಅಂದ ಹಾಗೆ, ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಎಲ್ ಅಂಡ್ ಟಿ ಕಂಪನಿಯನ್ನು 1938ರಲ್ಲಿ ಮುಂಬೈಯಲ್ಲಿ ಕಟ್ಟಿದ ಲಾರ್ಸನ್ ಮತ್ತು ಟೂಬ್ರೊ ಇಬ್ಬರೂ ಡೇನರು. ಅವರು ಮೊದಲು ಮಾರಿದ ಸಾಮಾನುಗಳಲ್ಲಿ ಡೆನ್ಮಾರ್ಕಿನ ಡೇರಿ ಯಂತ್ರಗಳೂ ಇದ್ದವು.

ಸರ್ವೀಸ್ ಚೆನ್ನಾಗಿದೆ, ಆದರೆ ನಮ್ಮ ಕಡೆಯ ಥರ ಬಗ್ಗಿ ಬಗ್ಗಿ ‘ಸರ್ ಸರ್’ ಅನ್ನುವುದಿಲ್ಲ. ಮಾಣಿ ನಿಮ್ಮ ಸಮಾನನ ಹಾಗೆ ಮಾತಾಡುತ್ತಾನೆ, ನೀವು ಆರ್ಡರ್ ಮಾಡಿದ್ದು ಜಾಸ್ತಿಯಾಯಿತು ಅನಿಸಿದರೆ ಮುಖದ ಮೇಲೇ ಹೇಳುತ್ತಾನೆ. ಎರಡು ಅಥವಾ ಮೂರು ಹೋಳು ಒಬ್ಬರಿಗೆ ಧಾರಾಳ. ಹೆರಿಂಗ್ ಜೊತೆ ಸ್ನಾಪ್ಸ್ ಎಂಬ ಕಡು ಮದ್ಯ ಕುಡಿಯುವುದು ವಾಡಿಕೆ, ಸಬ್ಬಸಿಗೆ ಪರಿಮಳದ್ದೂ ಸಿಗುತ್ತದೆ. ಗ್ಲಾಸು ಎತ್ತಿ ‘ಸ್ಕೋಲ್’ ಅಂದಾಗ ಎದುರಿನವರ ಕಣ್ಣಲ್ಲಿ ಕಣ್ಣಿಡಬೇಕು, ಕುಡಿದ ಮೇಲೂ ಇನ್ನೊಮ್ಮೆ. ತಪ್ಪಿಸಿಕೊಂಡರೆ ಚೆನ್ನಾಗಿರುವುದಿಲ್ಲ.

ಬೆಲೆ ಜಾಸ್ತಿ. ಒಂದು ಹೋಳಿಗೇ ನೂರು ಕ್ರೋನರ್ (ಡೆನ್ಮಾರ್ಕಿನ ಹಣ) ದಾಟುವುದುಂಟು. 25% ತೆರಿಗೆ ಇರುವ ದೇಶ ಅದು, ಊಟಕ್ಕೂ ವಿನಾಯಿತಿ ಇಲ್ಲ. ಆದರೆ ಮೆನುವಿನಲ್ಲಿ ಬರೆದ ಬೆಲೆಯಲ್ಲೇ ಎಲ್ಲ ಸೇರಿರುತ್ತದೆ, ಟಿಪ್ಸ್ ಕೊಡಲೇಬೇಕು ಅಂತಿಲ್ಲ. ಯುರೋ ನಡೆಯುತ್ತದೆ ಅಂದುಕೊಂಡು ಹೋಗಬೇಡಿ. 2000ದಲ್ಲಿ ಓಟು ಹಾಕಿ ಬೇಡ ಅಂದವರು ಅವರು.

ಸಸ್ಯಾಹಾರಿಗಳ ವಿಷಯ. ಇದು ನಿಮ್ಮ ಅಡುಗೆ ಪದ್ಧತಿಯೇ ಅಲ್ಲ, ನಿಜ. ಆದರೆ ಆಲೂಗಡ್ಡೆಯ ಸ್ಮೋರಬ್ರೋದ್ ಅಂತ ಒಂದಿದೆ. ಬೇಯಿಸಿ ತಣ್ಣಗಾದ ಆಲೂಗಡ್ಡೆ ಬಿಲ್ಲೆಗಳು, ಮೇಲೆ ಎಳೆ ಈರುಳ್ಳಿ ಸೊಪ್ಪು, ಗರಿಗರಿ ಹುರಿದ ಈರುಳ್ಳಿ, ಮೇಯನೀಸ್. ಹೊಸ ಆಲೂಗಡ್ಡೆ ಬರುವ ಜೂನ್‌ನಲ್ಲಿ ತಿಂದರೆ ಬೇರೇನೂ ಬೇಡ ಅನಿಸುತ್ತದೆ. ಮೊಟ್ಟೆ ತಿನ್ನದವರು ಮೇಯನೀಸ್ ಬಿಡಲು ಹೇಳಿ. ಕೆಲವು ಕಡೆ ಬ್ರೆಡ್ಡಿಗೆ ಬೆಣ್ಣೆ ಬದಲು ಹಂದಿ ಕೊಬ್ಬು ಹಚ್ಚುವುದುಂಟು, ಹಳೇ ಚೀಸ್ ಮೇಲೆ ಮಾಂಸದ ಸಾರಿನ ಜೆಲ್ಲಿ ಇಡುವುದುಂಟು. ಆರ್ಡರ್ ಮಾಡುವಾಗಲೇ ಕೇಳಿಬಿಡಿ, ಬೇಜಾರು ಮಾಡಿಕೊಳ್ಳುವುದಿಲ್ಲ. ಮತ್ತೆ, ಇದು ಮಧ್ಯಾಹ್ನದ ಹೋಟೆಲ್. ರಾತ್ರಿ ಊಟಕ್ಕೆ ಹೋದರೆ ಬಾಗಿಲು ಹಾಕಿರುತ್ತದೆ, ಮಧ್ಯಾಹ್ನಕ್ಕೂ ಟೇಬಲ್ ಮೊದಲೇ ಬುಕ್ ಮಾಡಿಕೊಳ್ಳುವುದು ವಾಸಿ.