ಜ್ಯಾಬಿಕ್ಸ್‌ನ ಸಿದ್ಧ ಪೋಸ್ಟ್‌ಗ್ರೆಸ್ ಟೆಂಪ್ಲೇಟ್: ದೀರ್ಘ ಬಳಕೆಯ ನಂತರ ಅನಿಸಿದ್ದು

ನಮ್ಮ ಕಚೇರಿಯ ಪೋಸ್ಟ್‌ಗ್ರೆಸ್ (ಡೇಟಾಬೇಸ್ ತಂತ್ರಾಂಶ) ಸರ್ವರ್‌ಗಳ ಆರೋಗ್ಯ ನೋಡಿಕೊಳ್ಳಲು, ಸರ್ವರುಗಳನ್ನು ಕಾಯುವ ಜ್ಯಾಬಿಕ್ಸ್ ತಂತ್ರಾಂಶದ ಜೊತೆಗೇ ಬರುವ ಸಿದ್ಧ ಟೆಂಪ್ಲೇಟನ್ನು (ಏನನ್ನು ಅಳೆಯಬೇಕು, ಯಾವಾಗ ಎಚ್ಚರಿಸಬೇಕು ಎಂಬ ಪಟ್ಟಿ) 6.0 ಆವೃತ್ತಿಯ ಕಾಲದಿಂದ ಬಳಸುತ್ತಿದ್ದೇನೆ. ಈಗ 7.0ಕ್ಕೆ ಬಂದಿದ್ದೇವೆ. ಮೊದಲೇ ಹೇಳಿಬಿಡುತ್ತೇನೆ: ಏನೇನು ಗಮನಿಸಬೇಕು ಎಂಬ ಪಟ್ಟಿಗಾಗಿ ಇದನ್ನು ಧೈರ್ಯವಾಗಿ ನೆಚ್ಚಿಕೊಳ್ಳಬಹುದು. ಎಷ್ಟಕ್ಕೆ ಎಚ್ಚರಿಸಬೇಕು ಎಂಬುದನ್ನು ಮಾತ್ರ ನೀವೇ ಕೂತು ತೀರ್ಮಾನಿಸಬೇಕು.

ಅಳವಡಿಕೆ ಕಷ್ಟವಲ್ಲ. ಡೇಟಾಬೇಸ್ ಸರ್ವರಿನಲ್ಲಿ ಏಜೆಂಟ್ 2 (ಅಂಕಿಗಳನ್ನು ಸಂಗ್ರಹಿಸಿ ಜ್ಯಾಬಿಕ್ಸ್‌ಗೆ ಕೊಡುವ ಪುಟ್ಟ ತಂತ್ರಾಂಶ) ಮತ್ತು ಅದರ ಪೋಸ್ಟ್‌ಗ್ರೆಸ್ ಪ್ಲಗಿನ್ ಹಾಕಬೇಕು. ಪ್ಲಗಿನ್ ಬೇರೆ ಪ್ಯಾಕೇಜಾಗಿ ಬರುತ್ತದೆ ಎಂಬುದು ನೆನಪಿರಲಿ. ಆಮೇಲೆ ಒಬ್ಬ ಬಳಕೆದಾರನನ್ನು ಸೃಷ್ಟಿಸಿ ಅವನಿಗೆ ಪಿಜಿ_ಮಾನಿಟರ್ ಎಂಬ ಪಾತ್ರವನ್ನು ಕೊಟ್ಟರೆ ಸಾಕು. ಪೋಸ್ಟ್‌ಗ್ರೆಸ್ 10ರಿಂದ ಈ ಪಾತ್ರ ಇರುವುದರಿಂದ, ಕಾವಲಿನ ಕೆಲಸಕ್ಕೆ ಸೂಪರ್‌ಯೂಸರ್ ಪಾಸ್‌ವರ್ಡ್ ಹಂಚುವ ಅಗತ್ಯವೇ ಇಲ್ಲ. ಹೋಸ್ಟಿಗೆ (ಜ್ಯಾಬಿಕ್ಸ್‌ನಲ್ಲಿ ನೋಂದಾಯಿಸಿದ ಸರ್ವರಿಗೆ) ಟೆಂಪ್ಲೇಟ್ ಜೋಡಿಸಿದ ಮೇಲೆ ಅಲ್ಲಿರುವ ಡೇಟಾಬೇಸುಗಳನ್ನು ಅದೇ ಹುಡುಕಿಕೊಳ್ಳುತ್ತದೆ. ಮುಂದೆ ಹೊಸದೊಂದನ್ನು ಸೇರಿಸಿದರೂ ಯಾರೂ ಕೈಯಾಡಿಸದೆ ಅದರ ಅಂಕಿಗಳು ಬರತೊಡಗುತ್ತವೆ.

ನನಗೆ ಈ ಟೆಂಪ್ಲೇಟಿನ ಮೇಲೆ ಗೌರವ ಹುಟ್ಟಿದ್ದು ಟ್ರಾನ್ಸಾಕ್ಷನ್ ಸಂಖ್ಯೆಯ ವಿಷಯದಲ್ಲಿ. ಡೇಟಾ ಬದಲಿಸುವ ಪ್ರತಿ ಟ್ರಾನ್ಸಾಕ್ಷನ್ನಿಗೂ (ಒಟ್ಟಾಗಿ ಮುಗಿಯಬೇಕಾದ ಕೆಲಸಗಳ ಗುಂಪಿಗೂ) ಪೋಸ್ಟ್‌ಗ್ರೆಸ್ 32 ಬಿಟ್‌ಗಳ ಒಂದು ಸಂಖ್ಯೆ ಕೊಡುತ್ತದೆ. ಹಳೆಯ ಸಾಲುಗಳನ್ನು ಕಾಲಕಾಲಕ್ಕೆ ‘ಫ್ರೀಜ್’ ಮಾಡದಿದ್ದರೆ (ಹಳೆಯವೆಂದು ಕಾಯಂ ಗುರುತು ಹಾಕದಿದ್ದರೆ), ಅವುಗಳ ವಯಸ್ಸು, ಅಂದರೆ ಆಮೇಲೆ ಕೊಟ್ಟ ಸಂಖ್ಯೆಗಳ ಎಣಿಕೆ, ಸುಮಾರು 200 ಕೋಟಿ ಮುಟ್ಟುವ ಹೊತ್ತಿಗೆ ಸರ್ವರ್ ತನ್ನ ಡೇಟಾ ಉಳಿಸಿಕೊಳ್ಳಲು ಹೊಸ ಬರವಣಿಗೆಯನ್ನೇ ನಿಲ್ಲಿಸುತ್ತದೆ. ಸಾಮಾನ್ಯವಾಗಿ ವಯಸ್ಸು 20 ಕೋಟಿ ದಾಟಿದಾಗ ಆಟೊವ್ಯಾಕ್ಯೂಮ್ (ಬೇಡವಾದ ಸಾಲುಗಳನ್ನು ಹಿನ್ನೆಲೆಯಲ್ಲಿ ಗುಡಿಸುವ ಪ್ರಕ್ರಿಯೆ) ತಾನಾಗಿ ಈ ಕೆಲಸಕ್ಕೆ ಇಳಿಯುತ್ತದೆ. ಆದರೆ ಅದಕ್ಕೆ ಅಡ್ಡಿಯಾದರೆ ಯಾರಿಗೆ ತಿಳಿಯಬೇಕು? ಕೈಯಾರೆ ಬರೆದುಕೊಂಡ ಸ್ಕ್ರಿಪ್ಟುಗಳು ಸಿಪಿಯು, ಡಿಸ್ಕ್, ಸಂಪರ್ಕಗಳ ಸಂಖ್ಯೆ ನೋಡಿ ಸುಮ್ಮನಾಗುತ್ತವೆ. ಈ ಟೆಂಪ್ಲೇಟ್ ಪ್ರತಿ ಡೇಟಾಬೇಸಿನ ಈ ವಯಸ್ಸನ್ನು ಅಳೆದು ತೋರಿಸುತ್ತದೆ.

ಅದರ ಜೊತೆಗೇ, ತೆರೆದಿರುವ ಅತಿ ಹಳೆಯ ಟ್ರಾನ್ಸಾಕ್ಷನ್ನಿನ ವಯಸ್ಸನ್ನೂ ಅಳೆಯುತ್ತದೆ. ಒಮ್ಮೆ ನಮ್ಮ ಬಿಲ್ಲಿಂಗ್ ಸರ್ವರಿನಲ್ಲಿ ಸಿಪಿಯು ತಣ್ಣಗಿತ್ತು, ಡಿಸ್ಕಿನಲ್ಲಿ ಜಾಗವಿತ್ತು, ಗ್ರಾಹಕರಿಂದ ದೂರೂ ಇರಲಿಲ್ಲ. ಈ ಒಂದು ಎಚ್ಚರಿಕೆ ಮಾತ್ರ ಬಂತು. ಪಿಜಿ_ಸ್ಟ್ಯಾಟ್_ಆಕ್ಟಿವಿಟಿ (ಸದ್ಯದ ಸಂಪರ್ಕಗಳ ಪಟ್ಟಿ) ತೆರೆದು ನೋಡಿದರೆ, ಹೊರಗಿನವರೊಬ್ಬರು ಬರೆದುಕೊಟ್ಟ ವರದಿ ತಂತ್ರಾಂಶ ಟ್ರಾನ್ಸಾಕ್ಷನ್ ಶುರುಮಾಡಿ ಮುಗಿಸದೆ ಬಿಟ್ಟಿತ್ತು. ಸ್ಥಿತಿ ‘ಐಡಲ್ ಇನ್ ಟ್ರಾನ್ಸಾಕ್ಷನ್’. ಶುರುವಾಗಿದ್ದು ಹಿಂದಿನ ವಾರ. ಅದು ಹಾಗೆ ಕೂತಿದ್ದಷ್ಟು ಕಾಲ ವ್ಯಾಕ್ಯೂಮ್ ಓಡುತ್ತಿದ್ದರೂ, ಅದಾದ ಮೇಲೆ ಸತ್ತ (ಅಳಿಸಿದ ಅಥವಾ ಬದಲಾದ) ಸಾಲುಗಳನ್ನು ತೆಗೆಯಲಾರದೆ ಬರಿಗೈಯಲ್ಲಿ ಮರಳುತ್ತಿತ್ತು. ಆ ಸಂಪರ್ಕ ಕಡಿದ ಮೇಲೆ ಕೋಷ್ಟಕಗಳು ಸ್ವಚ್ಛವಾಗತೊಡಗಿದವು. ತಂತ್ರಾಂಶ ಬರೆದವರಿಗೆ ತಿಳಿಸಿದ್ದಲ್ಲದೆ, ಸುಮ್ಮನೆ ಕೂತ ಟ್ರಾನ್ಸಾಕ್ಷನ್ನುಗಳನ್ನು ಕಡಿದುಹಾಕುವ ಕಾಲಮಿತಿಯನ್ನೂ ಪೋಸ್ಟ್‌ಗ್ರೆಸ್‌ನಲ್ಲೇ ಹಾಕಿದೆವು. ಇದೊಂದೇ ಸಾಕಿತ್ತು, ಟೆಂಪ್ಲೇಟ್ ಹಾಕಿದ್ದಕ್ಕೆ.

ಇನ್ನು ಮಿತಿಗಳ ಮಾತು. ಪ್ರಶ್ನೆಯೊಂದು (ಡೇಟಾಬೇಸಿಗೆ ಕಳುಹಿಸುವ ಕ್ವೆರಿ) 30 ಸೆಕೆಂಡು ದಾಟಿದರೆ ನಿಧಾನ, ಕ್ಯಾಶ್ ಹಿಟ್ ಪ್ರಮಾಣ (ಡಿಸ್ಕಿಗೆ ಹೋಗದೆ ಮೆಮೊರಿಯಲ್ಲೇ ಸಿಕ್ಕ ಡೇಟಾದ ಪಾಲು) ಶೇ 90ಕ್ಕಿಂತ ಇಳಿದರೆ ಚಿಂತೆ, ಸಂಪರ್ಕಗಳು ಶೇ 90 ತುಂಬಿದರೆ ಎಚ್ಚರಿಕೆ ಎಂಬುದು ಅದರ ಮೂಲ ಎಣಿಕೆ. ರಾತ್ರಿಯಿಡೀ ದೊಡ್ಡ ಕೋಷ್ಟಕಗಳನ್ನು ಉಜ್ಜುವ ವರದಿ ಸರ್ವರಿಗೆ ಮೊದಲೆರಡು ಹೊಂದುವುದಿಲ್ಲ. ಬೆಳಗಾಗುವಷ್ಟರಲ್ಲಿ ಮೇಲ್‌ಬಾಕ್ಸ್ ತುಂಬಿರುತ್ತದೆ. ಬಿಲ್ಲಿಂಗ್ ಸರ್ವರಿಗೆ ಅದೇ 30 ಸೆಕೆಂಡು ತೀರ ಸಡಿಲ, ಅಲ್ಲಿ ನಾವು 5ಕ್ಕೆ ಇಳಿಸಿದ್ದೇವೆ. ಸಂಪರ್ಕಗಳದ್ದೂ ಅಷ್ಟೆ. ಮೂಲ ಮಿತಿ 100 ಇರುವ ಸರ್ವರಿನಲ್ಲಿ ಶೇ 90 ಎಂದರೆ ಉಳಿಯುವುದು ಹತ್ತು, ಅದರಲ್ಲೂ ಮೂರು ಸೂಪರ್‌ಯೂಸರಿಗೆ ಮೀಸಲು. ತಿಂಗಳ ಕೊನೆಯ ನೂಕುನುಗ್ಗಲಿನಲ್ಲಿ ಏಳು ಸಂಪರ್ಕಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತವೆ, ಹಾಗಾಗಿ ಶೇ 75ಕ್ಕೇ ನಮಗೆ ತಿಳಿಯಬೇಕು. ಡೆಡ್‌ಲಾಕ್ (ಎರಡು ಟ್ರಾನ್ಸಾಕ್ಷನ್ನುಗಳು ಒಂದಕ್ಕೊಂದು ಕಾಯುತ್ತ ಸಿಕ್ಕಿಬೀಳುವುದು) ಒಂದಾದರೂ ಕೂಗುವ ಮಿತಿಯನ್ನು ಮಾತ್ರ ಮುಟ್ಟಿಲ್ಲ, ಅದು ಸರಿಯಾಗಿಯೇ ಇದೆ.

ಈ ಬದಲಾವಣೆಗಳನ್ನು ಟೆಂಪ್ಲೇಟಿನೊಳಗೆ ಮಾಡಬೇಡಿ. ಆಯಾ ಹೋಸ್ಟಿನ ಮ್ಯಾಕ್ರೊದಲ್ಲಿ (ಮಿತಿಯ ಅಂಕಿ ಇಡುವ ಹೆಸರಿನಲ್ಲಿ) ಬರೆದರೆ ಟೆಂಪ್ಲೇಟಿನ ಅಂಕಿಯ ಬದಲು ಅದೇ ಜಾರಿಯಾಗುತ್ತದೆ, ಮೂಲವೂ ಕೆಡುವುದಿಲ್ಲ. ಇದರ ಪ್ರಯೋಜನ ತಿಳಿಯುವುದು ಆವೃತ್ತಿ ಏರಿಸುವಾಗ. ಜ್ಯಾಬಿಕ್ಸ್ ಸರ್ವರನ್ನು ಹೊಸದು ಮಾಡಿದರೂ ಹಳೆಯ ಟೆಂಪ್ಲೇಟುಗಳು ಹಾಗೆಯೇ ಇರುತ್ತವೆ, ಹೊಸದನ್ನು ನಾವೇ ಆಮದು ಮಾಡಿಕೊಳ್ಳಬೇಕು. ಆಗ ಒಳಗೆ ತಿದ್ದಿದ್ದು ಅಳಿಸಿಹೋಗಬಹುದು. ಡೇಟಾಬೇಸ್ ಆವೃತ್ತಿಯನ್ನೂ ಗಮನದಲ್ಲಿಡಿ: ಪೋಸ್ಟ್‌ಗ್ರೆಸ್ 17ರಲ್ಲಿ ಚೆಕ್‌ಪಾಯಿಂಟ್ (ಮೆಮೊರಿಯ ಬದಲಾವಣೆಗಳನ್ನು ಡಿಸ್ಕಿಗೆ ಇಳಿಸುವ ಕೆಲಸ) ಅಂಕಿಗಳು ಹಿನ್ನೆಲೆ ರೈಟರಿನ ವ್ಯೂನಿಂದ (ಅಂಕಿಗಳ ಕೋಷ್ಟಕದಿಂದ) ಬೇರೊಂದು ವ್ಯೂಗೆ ಹೋಗಿವೆ, ಹಳೆಯ ಪ್ಲಗಿನ್ನಿಗೆ ಅವು ಸಿಗುವುದಿಲ್ಲ.

ಕೊರತೆಗಳೂ ಇವೆ. ನಿಧಾನವಾದ ಪ್ರಶ್ನೆಗಳು ಎಷ್ಟಿವೆ ಎಂದು ಹೇಳುತ್ತದೆಯೇ ಹೊರತು ಯಾವುದು ಎಂದು ತೋರಿಸುವುದಿಲ್ಲ. ಅದಕ್ಕೆ ಪಿಜಿ_ಸ್ಟ್ಯಾಟ್_ಸ್ಟೇಟ್‌ಮೆಂಟ್ಸ್ ಎಂಬ ಪೋಸ್ಟ್‌ಗ್ರೆಸ್ ವಿಸ್ತರಣೆ ಬೇಕೇ ಬೇಕು. ಪ್ರಶ್ನೆಗಳ ವಿಶ್ಲೇಷಣೆಯೇ ನಿಮ್ಮ ಮುಖ್ಯ ಕೆಲಸವಾದರೆ ಪರ್ಕೋನಾ ಕಂಪನಿಯ ಪಿಎಂಎಂ ಎಂಬ ಡೇಟಾಬೇಸ್ ಕಾವಲು ತಂತ್ರಾಂಶ ಹೆಚ್ಚು ಅನುಕೂಲ. ಕೈಬಿಟ್ಟ ರೆಪ್ಲಿಕೇಷನ್ ಸ್ಲಾಟ್ (ಪ್ರತಿ ಸರ್ವರಿಗಾಗಿ ಬದಲಾವಣೆಗಳನ್ನು ಕಾದಿಡುವ ಗುರುತು) ಇದ್ದರೆ ವಾಲ್ ಕಡತಗಳು (ಬದಲಾವಣೆಗಳ ದಾಖಲೆ) ಡಿಸ್ಕ್ ತುಂಬುವವರೆಗೂ ಪೇರುತ್ತವೆ. ಅದನ್ನು ಹಿಡಿಯಲು ನಾವು ಏಜೆಂಟಿನ ಸ್ವಂತ ಪ್ರಶ್ನೆಯ ಸೌಲಭ್ಯ ಬಳಸಿ, ಪ್ರತಿ ಸ್ಲಾಟ್ ಎಷ್ಟು ವಾಲ್ ಹಿಡಿದಿಟ್ಟಿದೆ ಎಂದು ಕೇಳುವ ಪುಟ್ಟ ಎಸ್‌ಕ್ಯೂಎಲ್ ಕಡತ ಸೇರಿಸಿಕೊಂಡೆವು. ಬ್ಯಾಕಪ್ ಆಯಿತೇ ಇಲ್ಲವೇ ಎಂಬುದಕ್ಕೂ ಬೇರೆ ವ್ಯವಸ್ಥೆ ಮಾಡಿಕೊಳ್ಳಬೇಕು.

ಪರವಾನಗಿ ಶುಲ್ಕವಿಲ್ಲ. 7.0ರಿಂದ ಜ್ಯಾಬಿಕ್ಸ್ ಎಜಿಪಿಎಲ್ ಎಂಬ ಮುಕ್ತ ಪರವಾನಗಿಯ ಅಡಿಯಲ್ಲಿದೆ, ಅದಕ್ಕೂ ಮೊದಲು ಜಿಪಿಎಲ್ ಇತ್ತು. ಡೇಟಾಬೇಸಿಗೆಂದೇ ಒಬ್ಬರನ್ನು ಇಟ್ಟುಕೊಳ್ಳಲಾಗದ ಸಣ್ಣ ಕಚೇರಿಗಳು ಇಂದೇ ಹಾಕಿಕೊಳ್ಳಲಿ ಎಂಬುದು ನನ್ನ ಆಸೆ. ಮೊದಲ ಕೆಲವು ವಾರ ಎಚ್ಚರಿಕೆಗಳನ್ನು ಪರದೆಯ ಮೇಲಷ್ಟೇ ನೋಡಿ, ಮಿತಿಗಳನ್ನು ತಿದ್ದಿಕೊಂಡ ನಂತರ ಮೊಬೈಲಿಗೆ ಕಳುಹಿಸಲು ಹಚ್ಚಿ.