ಮಾರ್ಲಿನ್ 336: ಪೀಪ್ ಸೈಟ್ ಇಳಿಸಿ ವೀವರ್ ಬೇಸ್ ಹಾಕಿದ ಮೇಲೆ, ದೀರ್ಘ ಬಳಕೆಯ ವಿಮರ್ಶೆ

ಲಿವರ್ ಆಡಿಸಿ ತೋಟಾ ಏರಿಸುವ ರೈಫಲ್ ಮಾರ್ಲಿನ್ 336ರ ರಿಸೀವರ್‌ನ (ಯಂತ್ರಭಾಗ ಕೂರುವ ಉಕ್ಕಿನ ಗೂಡು) ಎಡಮಗ್ಗುಲಿಗೆ ವಿಲಿಯಮ್ಸ್ ಎಫ್‌ಪಿ ಪೀಪ್ ಸೈಟ್ (ಸಣ್ಣ ತೂತಿನ ಮೂಲಕ ಗುರಿ ನೋಡುವ ಸಾಧನ) ಹಾಕಿಕೊಂಡು ವರ್ಷಗಟ್ಟಲೆ ಹೊಡೆದವರು, ಮುಸ್ಸಂಜೆಯ ಮಂದ ಬೆಳಕಿಗಾಗಿ ಕೊನೆಗೊಮ್ಮೆ ಸ್ಕೋಪ್ ಕಡೆ ತಿರುಗುತ್ತಾರೆ. ಖಾಲಿ ತೋಟಾ ಪಕ್ಕದಿಂದ ಹಾರುವ ರೈಫಲ್ ಇದು. ತಲೆ ಮೇಲೆ ಸ್ಕೋಪ್ ಕೂತರೂ ಅಡ್ಡಿಯಿಲ್ಲ. ವೀವರ್ 63ಬಿ ಒಂದೇ ತುಂಡಿನ ಅಲ್ಯೂಮಿನಿಯಂ ಬೇಸ್, ಅಂದರೆ ಸ್ಕೋಪ್ ಕೂರಿಸುವ ಪಟ್ಟಿ, ಇದಕ್ಕೆಂದೇ ಇದೆ. ಬೇಸ್ ಒಳ್ಳೆಯದು, ಬೆಲೆಗೆ ಮೋಸವಿಲ್ಲ. ಈ ಕೆಲಸದಲ್ಲಿ ಎಡವಟ್ಟಾಗುವುದು ಬೇಸ್‌ನಿಂದಲ್ಲ, ಸ್ಕ್ರೂಗಳಿಂದ.

ಮೊದಲು ರೈಫಲ್ ಖಾಲಿಯಿದೆಯೇ ನೋಡಿ. ಇದು ಟ್ಯೂಬ್ ಮ್ಯಾಗಜಿನ್, ನಳಿಕೆಯ ಕೆಳಗಿನ ಕೊಳವೆಯಲ್ಲಿ ತೋಟಾಗಳು ಸಾಲಾಗಿರುತ್ತವೆ. ಚೇಂಬರ್ ಒಂದನ್ನೇ ನೋಡಿದರೆ ಸಾಲದು. ಲಿವರ್ ಆಡಿಸುತ್ತಾ ತೋಟಾಗಳನ್ನೆಲ್ಲ ಹೊರಗೆ ತೆಗೆದು, ಲೋಡಿಂಗ್ ಬಾಯಿಯಲ್ಲಿ ಬೆರಳಿಟ್ಟು ಫಾಲೋವರ್ (ತೋಟಾಗಳನ್ನು ದೂಡುವ ತುಂಡು) ತಗಲುತ್ತದೆಯೇ ಎಂದು ಖಾತ್ರಿ ಮಾಡಿಕೊಳ್ಳಿ.

ಎಫ್‌ಪಿ ಸೈಟನ್ನು ಪೂರ್ತಿ ಬಿಚ್ಚಲೇಬೇಕೆಂದಿಲ್ಲ. ಲಾಕ್ ಸ್ಕ್ರೂ ಸಡಿಲಿಸಿದರೆ ಮೇಲಿನ ಭಾಗ ಎತ್ತಿದ ಹಾಗೆ ಬಂದುಬಿಡುತ್ತದೆ, ಪಕ್ಕದ ಬೇಸ್ ಅಲ್ಲೇ ಉಳಿಯುತ್ತದೆ. ಎತ್ತುವ ಮುಂಚೆ ಸ್ಕೇಲಿನ ಗೆರೆ ಎಲ್ಲಿದೆ ಎಂದು ಬರೆದಿಡಿ. ಮುಂದೊಂದು ದಿನ ಸ್ಕೋಪ್ ಕೈಕೊಟ್ಟರೆ ಈ ಪೀಪ್ ವಾಪಸ್ ಬೇಕಾಗುತ್ತದೆ. ಇದೇ ಕಾರಣಕ್ಕೆ ನಳಿಕೆಯ ತುದಿಯಲ್ಲಿರುವ ಮುಂದಿನ ಸೈಟನ್ನೂ ಬಿಚ್ಚಬೇಡಿ. ಪೀಪ್ ಹಾಕುವಾಗ ಎಷ್ಟೋ ಜನ ಅದನ್ನು ಎತ್ತರದ್ದಕ್ಕೆ ಬದಲಿಸಿರುತ್ತಾರೆ, ಆ ಜೋಡಿ ಒಡೆಯುವುದು ತರವಲ್ಲ.

ಪಕ್ಕದ ಬೇಸನ್ನೂ ತೆಗೆಯುವುದೇ ಆದರೆ ಅವು 6-48 ಸ್ಕ್ರೂಗಳು: ದಪ್ಪ 3.5 ಮಿಮೀ, ಇಂಚಿಗೆ 48 ಎಳೆ. ತಲೆಯ ಗೀರು ಸಣ್ಣದು. ಬೆಣೆಯ ಹಾಗೆ ಚೂಪಾಗುತ್ತಾ ಹೋಗುವ ಮಾಮೂಲಿ ಸ್ಕ್ರೂಡ್ರೈವರ್ ಗೀರಿನ ಬಾಯಲ್ಲಷ್ಟೇ ಹಿಡಿಯುತ್ತದೆ. ಒತ್ತಿ ತಿರುಗಿಸಿದರೆ ಜಾರಿ ರಿಸೀವರ್‌ನ ಬ್ಲೂಯಿಂಗ್ (ಉಕ್ಕಿನ ಕಪ್ಪುನೀಲಿ ಲೇಪ) ಮೇಲೆ ಬಿಳಿ ಗೀಟು ಎಳೆಯುತ್ತದೆ. ಗೀರಿನ ತಳದವರೆಗೂ ಸಮನಾಗಿ ಕೂರುವ ಗನ್‌ಸ್ಮಿತ್ ಬಿಟ್ ತೆಗೆದುಕೊಳ್ಳಿ. ಸ್ಕ್ರೂ ಮಿಸುಕದಿದ್ದರೆ ಹಿಂದೆ ಲಾಕ್‌ಟೈಟ್ ಎಂಬ ಎಳೆ ಹಿಡಿಸುವ ಅಂಟು ಹಾಕಿರುತ್ತಾರೆ. ಬೆಸುಗೆ ಹಾಕುವ ಸಾಲ್ಡರಿಂಗ್ ಐರನ್ನಿನ ಕಾದ ತುದಿಯನ್ನು ಸ್ಕ್ರೂ ತಲೆಗೆ ಒಂದೆರಡು ನಿಮಿಷ ಹಿಡಿದರೆ ಅಂಟು ಮೆತ್ತಗಾಗುತ್ತದೆ. ಖಾಲಿಯಾದ ತೂತುಗಳಿಗೆ ಮುಚ್ಚಲೆಂದೇ ಇರುವ 6-48 ಫಿಲ್ಲರ್ ಸ್ಕ್ರೂ ಹಾಕದೆ ಬಿಡಬೇಡಿ, ಬೆವರು ಮತ್ತು ದೂಳು ಸೇರಿ ಎಳೆಗಳು ತುಕ್ಕು ಹಿಡಿಯುತ್ತವೆ. ಫಿಲ್ಲರ್ ಉದ್ದವಾಗಿ ಒಳಗೆ ಚಾಚಿದರೆ ರಿಸೀವರ್ ಒಳಗೆ ಹಿಂದೆ ಮುಂದೆ ಜಾರುವ ಬೋಲ್ಟ್‌ಗೆ ಉಜ್ಜುತ್ತದೆ. ಹಾಕಿದ ಕೂಡಲೇ ಲಿವರ್ ನಿಧಾನವಾಗಿ ಆಡಿಸಿ, ಎಲ್ಲೂ ತಡೆಯಬಾರದು.

ತಲೆ ಮೇಲಿನ ತೂತುಗಳ ಲೆಕ್ಕವೇ ಬೇರೆ, ಅವು 8-40: ಇನ್ನೂ ದಪ್ಪ, ಇಂಚಿಗೆ 40 ಎಳೆ. ಪಕ್ಕದಿಂದ ಬಿಚ್ಚಿದ 6-48 ಅಲ್ಲಿ ಸಡಿಲವಾಗಿ ಇಳಿದುಹೋಗುತ್ತದೆ. ಅಂಗಡಿಯ 8-32 ಸ್ಕ್ರೂ ದಪ್ಪದಲ್ಲಿ 8-40ರಷ್ಟೇ ಇದ್ದರೂ ಎಳೆ ಹೊಂದುವುದಿಲ್ಲ. ಬಲವಂತ ಮಾಡಿದರೆ ರಿಸೀವರ್‌ನ ಎಳೆಯೇ ಹಾಳು. ಬೇಸ್ ಜೊತೆ ಬಂದ ಸ್ಕ್ರೂಗಳನ್ನೇ ಬಳಸಿ. ತೂತು, ಸ್ಕ್ರೂ, ಬೇಸ್‌ನ ತಳ ಎಲ್ಲವನ್ನೂ ಅಸಿಟೋನ್‌ನಲ್ಲಿ ಒರೆಸಿ, ಎಣ್ಣೆ ಪಸೆ ಉಳಿದರೆ ಅಂಟು ಹಿಡಿಯುವುದಿಲ್ಲ. ನೀಲಿ ಲಾಕ್‌ಟೈಟ್ ಒಂದೊಂದು ಹನಿ ಸಾಕು; ಕೆಂಪು ಬೇಡ, ಬಿಚ್ಚುವಾಗ ಕಣ್ಣೀರು ತರಿಸುತ್ತದೆ. ಬೇಸ್ ಸ್ಕ್ರೂಗಳ ಬಿಗಿ 25 ಇಂಚ್-ಪೌಂಡ್ ಆಸುಪಾಸು, ಸ್ಕೋಪನ್ನು ಸುತ್ತಿ ಹಿಡಿಯುವ ರಿಂಗಿನ ಮೇಲಿನ ಸ್ಕ್ರೂಗಳಿಗೆ 15ರಿಂದ 18. ರಿಂಗನ್ನು ಅದಕ್ಕಿಂತ ಬಿಗಿ ಮಾಡಿದರೆ ಸ್ಕೋಪಿನ ಕೊಳವೆ ಚಪ್ಪಟೆಯಾಗಿ ಉಂಗುರದ ಗುರುತು ಬೀಳುತ್ತದೆ.

ರಿಂಗ್ ಕೊಳ್ಳುವಾಗ ಒಂದು ಎಚ್ಚರ. ವೀವರ್ ಬೇಸ್‌ನ ಅಡ್ಡಗೀರಿನ ಅಗಲ 4.6 ಮಿಮೀ, ಇನ್ನೊಂದು ಬಗೆಯ ಬೇಸ್ ಆದ ಪಿಕಟಿನಿಯದ್ದು 5.2. ವೀವರ್ ರಿಂಗ್ ಎರಡಕ್ಕೂ ಕೂರುತ್ತದೆ, ಪಿಕಟಿನಿ ರಿಂಗಿನ ದಪ್ಪ ಅಡ್ಡಪಟ್ಟಿ ಇಲ್ಲಿ ಇಳಿಯುವುದಿಲ್ಲ. ರಿಂಗ್ ಬಿಗಿಯುವ ಮುಂಚೆ ನಳಿಕೆಯ ಬಾಯಿ ಕಡೆಗೆ ದೂಡಿ ಹಿಡಿದು ಬಿಗಿಯಿರಿ. ಗುಂಡು ಹಾರಿದಾಗ ರೈಫಲ್ ಹಿಂದಕ್ಕೆ ಒದೆಯುತ್ತದೆ, ಸ್ಕೋಪ್ ಮಾತ್ರ ಇದ್ದಲ್ಲೇ ಇರಲು ನೋಡುತ್ತದೆ. ಗೀರಿನ ಮುಂದಿನ ಅಂಚಿಗೆ ಒರಗಿದ್ದರೆ ಸರಿಯಲು ಜಾಗವಿರುವುದಿಲ್ಲ. ಹೀಗೆ ಕೂರಿಸಿದ್ದು ಮೊದಲ 20 ಈಡಾದ ಮೇಲೆ ಒಮ್ಮೆ ಬಿಗಿ ನೋಡಿದರೆ ಮತ್ತೆ ಹಂಗಾಮಿಗೊಮ್ಮೆ ನೋಡಿದರೆ ಸಾಕು. ರಿಂಗ್ ಬಿಚ್ಚಿ ಅದೇ ಗೀರಿಗೆ ಮತ್ತೆ ಹಾಕಿದರೆ ಗುರಿ ಹತ್ತಿರಕ್ಕೇನೋ ಬರುತ್ತದೆ, ಆದರೂ ಹೊಡೆದು ನೋಡದೆ ನಂಬಬಾರದು.

ಸ್ಕೋಪನ್ನು ನಳಿಕೆಯ ದಿಕ್ಕಿಗೆ ಹೊಂದಿಸುವ ಲೇಸರ್ ಬೋರ್‌ಸೈಟರ್‌ಗೆ ದುಡ್ಡು ಹಾಕುವ ಅಗತ್ಯವಿಲ್ಲ. ಲಿವರ್‌ನ ಪಿವಟ್ ಸ್ಕ್ರೂ ಬಿಚ್ಚಿ, ಲಿವರ್ ಎಳೆದು, ಬೋಲ್ಟನ್ನು ಹಿಂದಕ್ಕೆ ಜಾರಿಸಿ ಹೊರತೆಗೆದರೆ ನಳಿಕೆಯೊಳಗೆ ನೇರ ನೋಟ ಸಿಗುತ್ತದೆ. ಎಜೆಕ್ಟರ್ (ಖಾಲಿ ತೋಟಾ ಹೊರಗೆ ಚಿಮ್ಮಿಸುವ ತುಂಡು) ರಿಸೀವರ್ ಒಳಗೆ ಸಡಿಲವಾಗಿ ಉಳಿದಿರುತ್ತದೆ, ಉದುರಿ ಕಳೆದುಹೋಗದಂತೆ ನೋಡಿಕೊಳ್ಳಿ. ಜೋಡಿಸುವಾಗ ಮೊದಲು ಅದು, ಆಮೇಲೆ ಬೋಲ್ಟ್. ರೈಫಲನ್ನು ಮರಳಿನ ಚೀಲದ ಮೇಲೆ ಅಲುಗದಂತಿಟ್ಟು, 25 ಗಜದ ಕಪ್ಪು ಚುಕ್ಕೆಯನ್ನು ನಳಿಕೆಯ ನಡುವಿಗೆ ತಂದು, ಅಡ್ಡಗೆರೆಯನ್ನು ಅದೇ ಚುಕ್ಕೆಗೆ ತಿರುಗಿಸಿದರೆ ಮೊದಲ ಗುಂಡು ಕಾಗದದ ಮೇಲೆ ಬಿದ್ದೇ ಬೀಳುತ್ತದೆ. ಸ್ಕೋಪಿನ ಕಾಲು ಎಂಒಎ (ಒಂದು ಎಂಒಎ ಅಂದರೆ 100 ಗಜದಲ್ಲಿ ಸುಮಾರು ಒಂದು ಇಂಚು) ಕ್ಲಿಕ್ಕು 25 ಗಜದಲ್ಲಿ 1/16 ಇಂಚು ಮಾತ್ರ. 2 ಇಂಚು ಸರಿಸಲು 32 ಕ್ಲಿಕ್ ಬೇಕು. 150 ಗ್ರೇನ್ ತೂಕದ ಗುಂಡಿನ .30-30 ತೋಟಾದಲ್ಲಿ 100 ಗಜಕ್ಕೆ ಜೀರೋ ಮಾಡಿದರೆ (ಗುಂಡು ಗುರಿಗೇ ಬೀಳುವಂತೆ ಹೊಂದಿಸಿದರೆ) 25 ಗಜದಲ್ಲಿ ಗುಂಡು ಸುಮಾರು ಅರ್ಧ ಇಂಚು ಕೆಳಗೆ ಬೀಳುತ್ತದೆ, ಗಾಬರಿಯಾಗಬೇಡಿ.

ಎರಡು ತೊಡಕು ದಿನದಿನವೂ ಎದುರಾಗುತ್ತವೆ. ಸ್ಟಾಕ್ (ಭುಜಕ್ಕೆ ಒರಗಿಸುವ ಹಿಂಬದಿಯ ಹಿಡಿ) ಬರಿಗಣ್ಣಿನ ಸೈಟಿಗೆಂದು ತಗ್ಗಾಗಿ ಮಾಡಿದ್ದು. ಪೀಪ್‌ಗೆ ಕೆನ್ನೆ ತಾನಾಗಿ ಒರಗುತ್ತಿತ್ತು, ಸ್ಕೋಪ್‌ಗೆ ಕತ್ತು ಎತ್ತಬೇಕು. ಅತಿ ತಗ್ಗಿನ ರಿಂಗ್ ಮತ್ತು ಸ್ಟಾಕ್ ಮೇಲೊಂದು ಚರ್ಮದ ಕೆನ್ನೆಪಟ್ಟಿ ಇಲ್ಲದೆ ಇದಕ್ಕೆ ಪರಿಹಾರವಿಲ್ಲ. ಇನ್ನೊಂದು ಹ್ಯಾಮರ್, ಗುಂಡು ಹಾರಿಸಲು ಬಡಿಯುವ ಹಿಂಬದಿಯ ಸುತ್ತಿಗೆ. ಸ್ಕೋಪಿನ ಹಿಂಬದಿ ಅದರ ಮೇಲೆಯೇ ಬಂದು ಕೂರುತ್ತದೆ, ಹೆಬ್ಬೆರಳಿಗೆ ಜಾಗವಿಲ್ಲ. ತೋಟಾ ತುಂಬಿದ ಚೇಂಬರ್ ಮೇಲೆ ಹ್ಯಾಮರ್ ಇಳಿಸುವಾಗ ಬೆರಳು ಜಾರಿದರೆ ಗುಂಡು ಹಾರಬಹುದು. ಹೆಬ್ಬೆರಳಿಗೆ ಹಿಡಿಯಾಗಿ ಪಕ್ಕಕ್ಕೆ ಚಾಚುವ ಹ್ಯಾಮರ್ ಸ್ಪರ್ ಹಾಕಿ, ಅದರ ಪುಟ್ಟ ಗ್ರಬ್ ಸ್ಕ್ರೂಗೂ ನೀಲಿ ಲಾಕ್‌ಟೈಟ್ ಹಚ್ಚಿ. ಅದು ಸಡಿಲವಾದರೆ ಸ್ಪರ್ ಜಾರುವುದು ಬೆರಳು ಒತ್ತಿದ ಗಳಿಗೆಯಲ್ಲೇ. ಸ್ಪರ್ ಇಲ್ಲದೆ ಈ ರೈಫಲ್‌ಗೆ ಸ್ಕೋಪ್ ಹಾಕಲೇಬೇಡಿ.