ಜಂಪ್ ಕೊಟ್ಟ ತಕ್ಷಣ ಕಾರು ಸ್ಟಾರ್ಟ್ ಆಯ್ತು ಅಂತ ಬ್ಯಾಟರಿ ಬದಲಿಸಬೇಡಿ

500 ರೂಪಾಯಿಯಲ್ಲಿ ಮುಗಿಯಬೇಕಿದ್ದ ಕೆಲಸಕ್ಕೆ ನಾನು 14,800 ರೂಪಾಯಿ ಕಳೆದುಕೊಂಡೆ. ನನ್ನ ಹಾಗೆ ಇನ್ನೊಬ್ಬರು ಕಳೆದುಕೊಳ್ಳುವುದು ಬೇಡ ಅಂತ ಇದನ್ನು ಬರೆಯುತ್ತಿದ್ದೇನೆ.

ಕಳೆದ ಜುಲೈನಲ್ಲಿ ಮನೆಯವರೆಲ್ಲ ಕೊಟ್ಟಿಗೆಹಾರದ ಹತ್ತಿರ ಒಂದು ಹೋಂಸ್ಟೇಗೆ ಹೋಗಿದ್ದೆವು. ಎರಡು ದಿನ ಬಿಡದೆ ಮಳೆ. ಭಾನುವಾರ ಬೆಳಿಗ್ಗೆ ನೀರುದೋಸೆ ತಿಂದು, ಬ್ಯಾಗೆಲ್ಲ ಡಿಕ್ಕಿಗೆ ತುಂಬಿ ಕೀ ತಿರುಗಿಸಿದರೆ ಬರೀ ಕಟಕಟಕಟ ಸದ್ದು. ಸೆಲ್ಫ್ ತಗೊಳ್ಳಲೇ ಇಲ್ಲ. ಕಾರು ಎಂಟು ವರ್ಷದ್ದು, ಪೆಟ್ರೋಲು. ಬ್ಯಾಟರಿ ಹಾಕಿಸಿ ಇನ್ನೂ 14 ತಿಂಗಳಾಗಿತ್ತು ಅಷ್ಟೆ.

ಮಳೆಯಲ್ಲಿ ಕೊಡೆ ಹಿಡಿದು ಕಾರಿನ ಮುಂದೆ ನಿಂತಿದ್ದ ಮಗಳು, "ಅಪ್ಪಾ, ಲೈಟೆಲ್ಲ ಜೋರಾಗೇ ಉರೀತಿದೆಯಲ್ಲ" ಅಂದಳು. ನಾನು ಕೀ ತಿರುಗಿಸಿದಾಗಲೂ ಹೆಡ್‌ಲೈಟ್ ಮಂಕಾಗಲಿಲ್ಲವಂತೆ. "ಸುಮ್ನಿರಮ್ಮ" ಅಂದುಬಿಟ್ಟೆ. ಆ ಮಾತನ್ನು ಕಿವಿಗೆ ಹಾಕಿಕೊಂಡಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಹೋಂಸ್ಟೇಯವರು ಫೋನ್ ಮಾಡಿ ಒಬ್ಬ ಮೆಕ್ಯಾನಿಕ್‌ನನ್ನು ಕರೆಸಿದರು. ಜಂಪ್ ಕೊಡಲು, ಅಂದರೆ ತನ್ನ ಗಾಡಿಯ ಬ್ಯಾಟರಿಯ ಕರೆಂಟಿನಿಂದ ನಮ್ಮ ಕಾರು ಸ್ಟಾರ್ಟ್ ಮಾಡಲು, ಅವನು ಅಲ್ಲಿಂದ ಕೇಬಲ್ ಎಳೆದ. ಕೆಂಪು ಕ್ಲಿಪ್ಪು ನಮ್ಮ ಬ್ಯಾಟರಿಯ ಪ್ಲಸ್‌ಗೆ, ಕಪ್ಪು ಕ್ಲಿಪ್ಪು ಇಂಜಿನ್ನಿನ ಕಬ್ಬಿಣಕ್ಕೆ. ಜಂಪ್ ಕೊಡುವ ಸರಿಯಾದ ಕ್ರಮವೇ ಅದು, ಬ್ಯಾಟರಿ ಹತ್ತಿರ ಕಿಡಿ ಹಾರಬಾರದು ಅಂತ. ಕೀ ತಿರುಗಿಸಿದೆ, ಒಂದೇ ಏಟಿಗೆ ಸ್ಟಾರ್ಟ್! "ನೋಡಿ ಸಾರ್, ಬ್ಯಾಟರಿ ಹೋಗಿದೆ" ಅಂದ. ಕಣ್ಣೆದುರಿಗೇ ಸಾಬೀತಾದ ಮೇಲೆ ಇನ್ನೇನು ಕೇಳುವುದು? ಬೆಳಗಾದರೆ ಮಕ್ಕಳಿಗೆ ಸ್ಕೂಲು, ನಾವು ತುಮಕೂರು ಸೇರಬೇಕು. ಹೊಸ ಬ್ಯಾಟರಿಗೆ 6,800, ಬಂದಿದ್ದಕ್ಕೆ 800. ಹಳೆಯದನ್ನು ತಾನೇ ಎತ್ತಿಕೊಂಡು ಹೋದ. ಎಕ್ಸ್‌ಚೇಂಜ್ ಅಂತ ಒಂದು ರೂಪಾಯಿ ಕಡಿಮೆ ಮಾಡಲಿಲ್ಲ. ವಾರಂಟಿ ಕಾರ್ಡಿನಲ್ಲಿ ಸೀಲೂ ಇಲ್ಲ, ತಾರೀಖೂ ಇಲ್ಲ ಅನ್ನುವುದನ್ನು ನಾನು ನೋಡಿದ್ದು ಮನೆಗೆ ಬಂದ ಮೇಲೆ.

ನಾಲ್ಕೇ ದಿನ. ಗುರುವಾರ ಬೆಳಿಗ್ಗೆ ಮತ್ತೆ ಅದೇ ಕಟಕಟಕಟ.

ಈ ಸಲ ಮನೆ ಹತ್ತಿರದ ಗ್ಯಾರೇಜು. "ಬ್ಯಾಟರಿ ಹೊಸದು ಅಂತೀರಿ, ಹಾಗಿದ್ರೆ ಸೆಲ್ಫ್ ಮೋಟರ್ರೇ" ಅಂತ ತೀರ್ಪಾಯಿತು. ರೀಕಂಡೀಷನ್ ಮೋಟರ್, ಕೂಲಿ ಸೇರಿ 7,200. ಅಲ್ಲೂ ಯಾರೂ ವೋಲ್ಟ್ ಅಳೆಯುವ ಮೀಟರ್ ಹಿಡಿಯಲಿಲ್ಲ. ಮೂರು ವಾರ ಚೆನ್ನಾಗೇ ಓಡಿತು, ಆಮೇಲೆ ಮತ್ತೆ ಕೈಕೊಟ್ಟಿತು.

ಕೊನೆಗೆ ಆಫೀಸಿನ ಗೆಳೆಯರೊಬ್ಬರು ವಯಸ್ಸಾದ ಒಬ್ಬ ಆಟೋ ಎಲೆಕ್ಟ್ರಿಷಿಯನ್‌ರನ್ನು ಕರೆದುಕೊಂಡು ಬಂದರು. ಅವರು ಬಾನೆಟ್ ತೆಗೆಯುವ ಮೊದಲು ಕೇಳಿದ್ದು ಒಂದೇ: "ಕೀ ತಿರುಗಿಸ್ದಾಗ ಲೈಟ್ ಮಂಕಾಗುತ್ತಾ ಸ್ವಾಮಿ?" ಇಲ್ಲ ಅಂದೆ. "ಹಂಗಾದ್ರೆ ಬ್ಯಾಟರಿ ಮೇಲೆ ಯಾಕ್ ಹೋದ್ರಿ?" ಅಂದರು.

ಬ್ಯಾಟರಿಯಲ್ಲಿ ನಿಜವಾಗಿಯೂ ಶಕ್ತಿ ಇಲ್ಲದಿದ್ದರೆ ಸೆಲ್ಫ್ ಹೊಡೆದಾಗ ಲೈಟು ಕುಸಿಯುತ್ತದೆ, ಕೆಲವೊಮ್ಮೆ ಪೂರ್ತಿ ಆರಿಯೇ ಹೋಗುತ್ತದೆ. ಲೈಟು ಗಟ್ಟಿಯಾಗಿ ಉರಿಯುತ್ತಿದ್ದು ಇಂಜಿನ್ ಮಾತ್ರ ತಿರುಗುತ್ತಿಲ್ಲ ಅಂದರೆ ಕರೆಂಟು ಇದೆ, ಸೆಲ್ಫ್ ಮೋಟರ್‌ಗೆ ಸರಿಯಾಗಿ ಹರಿಯುತ್ತಿಲ್ಲ, ಇಲ್ಲವೇ ಮೋಟರೇ ಕೆಟ್ಟಿದೆ. ಅವರು ಮಲ್ಟಿಮೀಟರ್‌ನ ಕೆಂಪು ಕಡ್ಡಿಯನ್ನು ಇಂಜಿನ್ನಿನ ಬರಿ ಕಬ್ಬಿಣಕ್ಕೆ, ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್ ತಲೆಗೆ ಇಟ್ಟು ನನಗೆ ಕೀ ತಿರುಗಿಸಲು ಹೇಳಿದರು. ಆ ಎರಡರ ಮಧ್ಯೆ ಅರ್ಧ ವೋಲ್ಟ್ ಕೂಡ ದಾಟಬಾರದು. ಮೀಟರ್ 4.1 ತೋರಿಸಿತು. ಅಂದರೆ 12 ವೋಲ್ಟಿನಲ್ಲಿ ನಾಲ್ಕು ವೋಲ್ಟು ದಾರಿಯಲ್ಲೇ ಸೋರಿಹೋಗುತ್ತಿದೆ.

ಗೇರ್‌ಬಾಕ್ಸ್‌ಗೆ ಬರುವ ಅರ್ಥ್ ವೈರನ್ನು, ಅಂದರೆ ಇಂಜಿನ್ನಿನಿಂದ ಬ್ಯಾಟರಿಯ ಮೈನಸ್‌ಗೆ ಕರೆಂಟು ವಾಪಸ್ ಹೋಗುವ ದಾರಿಯನ್ನು, ಬಿಚ್ಚಿದರು. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ತುದಿಯ ಹತ್ತಿರ ರಬ್ಬರ್ ಸೀಳಿದಾಗ ಒಳಗಿನ ತಾಮ್ರದ ಎಳೆಗಳು ಹಸಿರು ಪುಡಿಯಾಗಿದ್ದವು. ಕೈಯಲ್ಲಿ ಬಗ್ಗಿಸಿದರೆ ಪಟಪಟ ಮುರಿಯುತ್ತಿದ್ದವು. ಹೊಸ ವೈರು 350, ಕೂಲಿ 150. ಅಷ್ಟೇ!

ಹಾಗಾದರೆ ಅವತ್ತು ಜಂಪ್ ಕೊಟ್ಟಾಗ ಹೇಗೆ ಸ್ಟಾರ್ಟ್ ಆಯ್ತು? ಕಪ್ಪು ಕ್ಲಿಪ್ಪು ಇಂಜಿನ್ನಿಗೇ ಕಚ್ಚಿತ್ತಲ್ಲ, ಅದೇ ಹೊಸ ಅರ್ಥ್ ಆಯಿತು. ಕರೆಂಟು ಕೆಟ್ಟ ವೈರನ್ನು ಬಿಟ್ಟು ಆ ದಾರಿಯಲ್ಲಿ ಹರಿದು ಕೆಲಸ ಮುಗಿಸಿತು. ಬ್ಯಾಟರಿ ಬದಲಿಸುವಾಗ, ಮೋಟರ್ ಬಿಚ್ಚುವಾಗ ಆ ವೈರು ಅಲುಗಾಡಿ ಕೆಲವು ದಿನ ಕಚ್ಚಿಕೊಂಡಿರುತ್ತಿತ್ತು. ಮೊದಲನೆಯವನು ಬೇಕಂತಲೇ ಮೋಸ ಮಾಡಿದ ಅಂತ ಈಗಲೂ ನನಗೆ ಅನಿಸುವುದಿಲ್ಲ. ಅವನೂ ನಂಬಿದ, ನಾನೂ ನಂಬಿದೆ. ಹಳೇ ಬ್ಯಾಟರಿಯನ್ನು ಪುಕ್ಕಟೆ ಹೊತ್ತುಕೊಂಡು ಹೋಗಿದ್ದು ಮಾತ್ರ ಬೇರೆ ಲೆಕ್ಕ.

ನಿಮಗೂ ಹೀಗಾದರೆ ಮೊದಲು ಲೈಟ್ ಹಾಕಿ ಸೆಲ್ಫ್ ಹೊಡೆದು ನೋಡಿ, ಹೊರಗೆ ಒಬ್ಬರನ್ನು ನಿಲ್ಲಿಸಿಕೊಳ್ಳಿ. ಬ್ಯಾಟರಿಯ ಪ್ಲಸ್, ಮೈನಸ್ ತಲೆಗೆ ಕಚ್ಚಿರುವ ಟರ್ಮಿನಲ್ ಎರಡನ್ನೂ ಕೈಯಿಂದ ತಿರುಗಿಸಿ ನೋಡಿ, ಅಲುಗಾಡಬಾರದು. ಬಿಳಿ-ಹಸಿರು ಪುಡಿ ಕಟ್ಟಿದ್ದರೆ ಬಿಚ್ಚಿ, ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆದು ಒರೆಸಿ ಬಿಗಿ ಮಾಡಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಅದು ಕೊನೆಗೆ. ಮೀಟರ್ ಇದ್ದರೆ ಬ್ಯಾಟರಿಯನ್ನೂ ಅಳೆಯಿರಿ. ರಾತ್ರಿಯಿಡೀ ನಿಂತ ಕಾರಿನಲ್ಲಿ 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್, 12ಕ್ಕಿಂತ ಕೆಳಗಿದ್ದರೆ ಡೌನ್.

ಮೀಟರ್ ಇಲ್ಲವಾ? ಜಂಪರ್ ಕೇಬಲ್ ಇದ್ದರೂ ಸಾಕು. ಬೇರೆ ಗಾಡಿ ಬೇಡ. ಕಪ್ಪು ಕೇಬಲ್ ಒಂದನ್ನೇ ತೆಗೆದುಕೊಂಡು, ಒಂದು ತುದಿ ನಿಮ್ಮದೇ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ತುದಿ ಇಂಜಿನ್ನಿನ ಬರಿ ಕಬ್ಬಿಣಕ್ಕೆ ಹಾಕಿ. ಬೆಲ್ಟ್, ಫ್ಯಾನ್‌ಗೆ ತಾಗದ ಹಾಗೆ ನೋಡಿಕೊಳ್ಳಿ. ಹಾಗೆ ಸ್ಟಾರ್ಟ್ ಆದರೆ ತೊಂದರೆ ಅರ್ಥ್ ವೈರಿನದು. ಆಗ ಬ್ಯಾಟರಿಯವರಿಗೂ ಮೋಟರಿನವರಿಗೂ ಫೋನ್ ಮಾಡುವುದೇ ಬೇಡ.

ಇದೆಲ್ಲ ಮುಗಿದ ಮೇಲೆ ಕೊಟ್ಟಿಗೆಹಾರಕ್ಕೆ ಬಂದಿದ್ದ ಮೆಕ್ಯಾನಿಕ್‌ಗೆ ಫೋನ್ ಮಾಡಿ ನನ್ನ ಹಳೇ ಬ್ಯಾಟರಿ ಕೇಳಿದೆ. "ಅದಾ ಸಾರ್? ಒಳ್ಳೇ ಕಂಡೀಷನ್‌ನಲ್ಲಿತ್ತು, ಅವತ್ತೇ ಒಬ್ರು ಪಿಕಪ್‌ಗೆ ಹಾಕಿಸ್ಕೊಂಡ್ರು" ಅಂದ.